ಪಂಪು ಮಾರುವವನ ಬಾವಿ

ನಮ್ಮ ಕಡೆಯ ನೀರನ್ನೆಲ್ಲ ಕುಡಿಯುತ್ತಿರುವವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಈಚೆಗೆ ತಲೆ ಕೆರೆದುಕೊಳ್ಳುತ್ತೇನೆ. ಕುಮಟೆಯಲ್ಲಿ ನೀರಿನ ಪಂಪು ಮಾರಿ ಹೊಟ್ಟೆ ಹೊರೆಯುವ ನನಗೆ ಇದು ಗೊತ್ತಿರಬೇಕಿತ್ತು. ಮಳೆಗಾಲದಲ್ಲಿ ಒಣಗಿದ ಟವೆಲ್ಲು ಸಿಗದ ಊರು ನಮ್ಮದು. ಆದರೂ ಯುಗಾದಿ ಕಳೆಯುವಷ್ಟರಲ್ಲಿ ಬಾವಿಗಳು ಮುಖ ಸಿಂಡರಿಸುತ್ತವೆ.

ನನಗೆ ತಲೆಬಿಸಿ ಶುರುವಾದದ್ದು ಗಂಜಿಯಿಂದ. ಕುಮಟೆಗೆ ತಾಗಿದ ಹೊಳನಗದ್ದೆಯಲ್ಲಿ ನಮ್ಮ ಮನೆ; ಪಕ್ಕದ ಮನೆ ಗಣಪಿ ಅಕ್ಕನದು. ಒಂದು ಬೆಳಿಗ್ಗೆ ಅವಳು ಬಡಿಸಿದ ಗಂಜಿ ಉಂಡು, "ಉಪ್ಪು ಹದಾ ಬಿದ್ದದೆ ಅಕ್ಕಾ" ಎಂದು ಹೊಗಳಿದೆ.

"ಉಪ್ಪು ಹಾಕ್ಲೇ ಇಲ್ಲ ತಮ್ಮಾ. ನಮ್ಮ ಬಾವಿ ನೀರೇ ಉಪ್ಪಾತು. ಎಂತ ಮಾಡೂದು?"

ಹೊಗಳಿ ಇಷ್ಟು ಪೆಚ್ಚಾದದ್ದು ಅದೇ ಮೊದಲು.

ಕಡಲ ಅಂಚಿನ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆ ಕೂತಂತೆ ಕೂತಿರುತ್ತದಂತೆ. ಮೇಲಿನದನ್ನು ತೆಗೆದಷ್ಟೂ ಕೆಳಗಿನದು ಏರಿ ಬರುತ್ತದೆ. ಹಾಗಾದರೆ ಕೆನೆ ತಿಂದ ಬೆಕ್ಕು ಯಾವುದು? ಪಂಪು ರಿಪೇರಿಗೆಂದು ಹೋದಲ್ಲೆಲ್ಲ ವಿಚಾರಿಸಿದೆ.

ಹೊನ್ನಾವರದ ಒಂದು ಐಸ್ ಫ್ಯಾಕ್ಟರಿಯವರು, "ಐಸಿಲ್ದೆ ಬೋಟು ಕಡಲಿಗಿಳಿಯೂದು ಹೆಂಗೆ? ಆ ಸಿಗಡಿ ಕೆರೆಯವ್ರನ್ನ ಕೇಳಿ" ಎಂದರು. ಸರಿಯೆನಿಸಿತು. ಧಾರೇಶ್ವರದ ಕಡೆ ಸಿಗಡಿ ಸಾಕುವವರು, ತಮ್ಮದು ಉಪ್ಪುನೀರಿನ ವ್ಯವಹಾರ, ಸಿಹಿನೀರೆಲ್ಲ ಹೋಗುವುದು ಈರುಳ್ಳಿ ಗದ್ದೆಗೆ ಎಂದರು. ಅದೂ ಸರಿಯೆನಿಸಿತು. ಈರುಳ್ಳಿ ಬೆಳೆಯುವವನು ಭಟ್ಕಳದ ಹೆದ್ದಾರಿ ಹೋಟೆಲುಗಳತ್ತ ಕೈ ತೋರಿಸಿದ. ಭಟ್ಕಳದ ಹೋಟೆಲೊಂದರಲ್ಲಿ ಐಸು ಹಾಕಿದ ಶರಬತ್ತು ಕುಡಿದು, ಈರುಳ್ಳಿಯ ಜೊತೆ ಹುರಿದ ಸಿಗಡಿ ತಿನ್ನುತ್ತ ವಿಚಾರಿಸಿದರೆ, ಮಾಲೀಕರು ಐಸ್ ಫ್ಯಾಕ್ಟರಿಗಳನ್ನು ಬೈದರು. ನಾನು ಯಾರ ಪರ ಎಂದು ನನ್ನ ತಟ್ಟೆಗೂ ಗೊಂದಲವಾಗಿರಬೇಕು. ಇಷ್ಟು ಸಾಲದೆಂಬಂತೆ ಎಲ್ಲರೂ ಹೊಸ ಪಂಪು ಕೇಳಿದರು. ಖುಷಿಯಿಂದಲೇ ಕೊಟ್ಟೆ.

ಕಳೆದ ವಾರ ಗಣಪಿ ಅಕ್ಕನೇ ಅಂಗಡಿಗೆ ಬಂದಳು. "ಎಲ್ಲರಿಗೂ ಕೊಟ್ಯಲ್ಲ, ನಂಗೂ ಒಂದು ದೊಡ್ಡ ಪಂಪು ಕೊಡು. ತಳದಲ್ಲಾದ್ರೂ ಸಿಹಿ ನೀರು ಇದ್ದೀತು."

ಇರಲಿಕ್ಕಿಲ್ಲ, ಎಳೆದರೆ ಉಪ್ಪೇ ಹೆಚ್ಚಾದೀತು. ವ್ಯಾಪಾರಕ್ಕೆ ಕೂತ ಮೇಲೆ ಮೊದಲ ಸಲ ಗಿರಾಕಿಗೆ ಬೇಡವೆಂದೆ. ಇನ್ನೂ ಸಿಹಿಯಾಗಿದ್ದ ನಮ್ಮ ಬಾವಿಯಿಂದಲೇ ನೀರು ಒಯ್ಯಲು ಹೇಳಿದೆ.

"ಆತು. ಆದ್ರೆ ನಿಂದು ಎಷ್ಟು ದಿನ ಸಿಹಿ ಇರ್ತದಾ? ಓಣಿಗೇ ದೊಡ್ಡ ಪಂಪು ನಿಂದು!"

ನಿಜವೇ. ಅಂಗಡಿಯ ಮರ್ಯಾದೆಗೆಂದು ಕೂರಿಸಿದ್ದು ಅದು. ನನಗೆ ಹೆದರಿಕೆಯಾಯಿತು. ಎರಡು ಮನೆಗೆ ಈಗ ಉಳಿದದ್ದು ಅದೊಂದೇ ಬಾವಿ. ಅಂದೇ ಪಂಪು ಬಂದ್ ಮಾಡಿ ರಾಟೆಗೆ ಹಗ್ಗ ಹಾಕಿದೆ. ಮರುದಿನ ಸ್ನಾನಕ್ಕೆ ನೀರು ಸೇದಲು ನಿಂತವನಿಗೆ, ಎರಡು ಕೊಡ ಎಳೆಯುವಷ್ಟರಲ್ಲಿ ತೋಳು ನೊಂದು, ಮೈ ಈಗಾಗಲೇ ಸಾಕಷ್ಟು ಶುಚಿಯಾಗಿದೆ ಎನಿಸಿಬಿಟ್ಟಿತು.

ನೀರು ಕುಡಿದವರು ಯಾರೆಂದು ನನಗೆ ಈಗಲೂ ತಿಳಿದಿಲ್ಲ. ಕುಡಿದವರಲ್ಲಿ ಒಬ್ಬರ ತೋಳೂ ನೋಯಲಿಲ್ಲ ಎಂಬುದಂತೂ ತಿಳಿಯಿತು.