ಎರಡನೆಯ ಸಲ ಕೇಳಲಿಲ್ಲ

ನಮ್ಮ ಕಡೆ ಊಟಕ್ಕೆ ಕೂತವರು ಮೊದಲನೆಯ ಸಲ ಬೇಡ ಅಂದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯ ಸಲ ಕೇಳಬೇಕು. ಮೂರನೆಯ ಸಲ ಕೇಳದೆಯೇ ತಾಟಿಗೆ ರೊಟ್ಟಿ ಹಾಕಿಬಿಡಬೇಕು. ಕೇಳಿದ ಕೂಡಲೇ ತಾಟು ಮುಂದೆ ಮಾಡಿದವನನ್ನು ಕಂಡರೆ ನಮ್ಮವ್ವ ಒಳಗೆ ಹೋಗಿ ನಗುತ್ತಿದ್ದಳು. ಒಂದೇ ಸಲ ಕೇಳಿ ಸುಮ್ಮನಾದ ಮನೆಯವರನ್ನಂತೂ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು. ಊಟಕ್ಕಷ್ಟೇ ಅಲ್ಲ, ಊರ ಹಿರಿತನಕ್ಕೂ ಇದೇ ರೀತಿ. ಪಂಚರಲ್ಲಿ ಒಬ್ಬನಾಗು ಎಂದು ಕರೆದರೆ ಮೊದಲು ಕೈಮುಗಿದು ಒಲ್ಲೆ ಅನ್ನಬೇಕು. ಪಕ್ಕದಲ್ಲಿ ಕೂತವನು ರಟ್ಟೆ ಹಿಡಿದು ಎಬ್ಬಿಸಬೇಕು. ಇದೆಲ್ಲ ಗೊತ್ತಿದ್ದೂ ನಾನು ಒಂದು ದಿನ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತೆ. ಅದನ್ನೇ ಬರೆಯಲು ಹೊರಟಿದ್ದೇನೆ.

ನಮ್ಮ ಹೊಲ ಶಿಗ್ಲಿಯ ಹತ್ತಿರ. ಬದುವಿನ ಆಚೆಯ ಹೊಲದ ಹಿರಿಯರನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುವುದು. ರಕ್ತಸಂಬಂಧವೇನೂ ಇಲ್ಲ. ಒಂದು ವರ್ಷ ಅವರೂ ನಾನೂ ಕೂಡಿ ಪೇಟೆಯ ದಲಾಲಿ ಅಂಗಡಿಗೆ ಶೇಂಗಾ ಒಯ್ದಿದ್ದೆವು. ತೂಕಕ್ಕೆ ಮೊದಲು ಮಾಲು ನೋಡುತ್ತೇವೆಂದು ಬಂದವರೆಲ್ಲ ಚೀಲದಿಂದ ಒಂದೊಂದು ಬೊಗಸೆ ತೆಗೆಯುವುದು ಆ ಅಂಗಡಿಯ ಪದ್ಧತಿ. ತೆಗೆದದ್ದನ್ನು ಚೀಲಕ್ಕೆ ವಾಪಸು ಹಾಕುವ ಪದ್ಧತಿ ಮಾತ್ರ ಇರಲಿಲ್ಲ. ಆ ದಿನ ಕಾಕಾ ತಮ್ಮ ಚೀಲದ ಬಾಯಿ ಮುಚ್ಚಿ ಅದರ ಮೇಲೆಯೇ ಕೂತುಬಿಟ್ಟರು.

“ನೋಡಾಕ ಕಣ್ಣ ಸಾಕಲ್ರಿ, ಬೊಗಸಿ ಯಾಕ ಬೇಕು?” ಅಂದರು.

ದಲಾಲ ನಕ್ಕ. ನಾವು ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ನಮ್ಮ ನಮ್ಮ ಚೀಲದ ಮೇಲೆ ಕೂತೆವು. ಮಧ್ಯಾಹ್ನದ ತನಕ ತಕ್ಕಡಿ ಅಲುಗಲಿಲ್ಲ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿ, ಕೂತಲ್ಲೇ ಒಬ್ಬರ ರೊಟ್ಟಿ ಇನ್ನೊಬ್ಬರಿಗೆ ಕೊಟ್ಟು ತಿಂದೆವು. ಕೊನೆಗೆ ದಲಾಲ ಬೊಗಸೆ ಬಿಟ್ಟ. ನಮ್ಮ ರೈತರ ಸಂಘ ಹುಟ್ಟಿದ್ದು ಹೀಗೆ, ಆ ಚೀಲಗಳ ಮೇಲೆ.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ. ಕಾಕಾ ಹಳೆಯ ಮೊಪೆಡ್ ಮೇಲೆ ಬಾಳೆಹೊಸೂರು, ಶಿರಹಟ್ಟಿ, ಮುಂಡರಗಿ ಎಂದು ತಿರುಗಿದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ಮಡಿಲಲ್ಲಿ ನಡಾವಳಿ ಪುಸ್ತಕ, ಅದರ ಮೇಲೆ ಇಬ್ಬರ ರೊಟ್ಟಿ ಗಂಟು. ಪಿಯುಸಿ ಓದಿದ್ದೆ, ಅಕ್ಷರ ದುಂಡಗಿದ್ದವು, ಅಷ್ಟಕ್ಕೇ ನಾನು ಕಾರ್ಯದರ್ಶಿ. ನಮ್ಮ ಸಂಘದಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು: ಸಭೆಗೆ ಬರುವವರು ತಮ್ಮ ಬುತ್ತಿ ತಾವೇ ತರಬೇಕು, ಬಿಚ್ಚಿದ ಮೇಲೆ ಅದು ಎಲ್ಲರದು. ಯಾವ ಊರಲ್ಲೂ ಯಾರ ಮನೆಯ ಚಹಾವನ್ನೂ ಕಾಕಾ ಕುಡಿಯಲಿಲ್ಲ. ಭಾಷಣ ಅವರಿಗೆ ಬರುತ್ತಿರಲಿಲ್ಲ. ಕಾಲುವೆಯ ನೀರು ಕೊನೆಯ ಹೊಲಕ್ಕೆ ಯಾಕೆ ಮುಟ್ಟುವುದಿಲ್ಲ ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸುತ್ತಿದ್ದರು. ಜನ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

ಸಂಘ ಪಕ್ಷವಾದದ್ದು ಗದಗಿನಲ್ಲಿ. ದಕ್ಷಿಣದ ಜಿಲ್ಲೆಗಳಲ್ಲಿ ನಮ್ಮಂಥವೇ ಸಂಘಗಳಿದ್ದವು. ಎಲ್ಲ ಕೂಡಿ, ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆಯ ಗುರುತಿನ ಒಂದು ಪಕ್ಷ ಮಾಡಿದರು. ಬೆಟಗೇರಿಯ ನೇಕಾರರೂ ಬಂದರು. ಗ್ರಾಮ ಪಂಚಾಯ್ತಿಗಳಲ್ಲಿ ನಮ್ಮವರು ಗೆಲ್ಲತೊಡಗಿದರು. ಮೊದಲು ನಮ್ಮನ್ನು ರೊಟ್ಟಿ ಪಾರ್ಟಿ ಎಂದು ಗೇಲಿ ಮಾಡುತ್ತಿದ್ದ ಕಾರಿನವರು ಹೊಲದ ದಾರಿಯಲ್ಲಿ ಕಾರು ನಿಲ್ಲಿಸಿ ನಮಸ್ಕಾರ ಮಾಡತೊಡಗಿದರು. ಆಗಲೇ ನಾನು ಎಚ್ಚರವಾಗಬೇಕಿತ್ತು. ನಾನೋ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಳ್ಳುವುದನ್ನು ಕಲಿತೆ.

ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಉಮೇದುವಾರನನ್ನು ಆರಿಸುವ ಸಭೆ ಶಿರಹಟ್ಟಿಯಲ್ಲಿ ನಡೆಯಿತು. ಪಕ್ಷದ ವೀಕ್ಷಕರು ದಕ್ಷಿಣದ ಕಡೆಯವರು, ಓದಿದವರು, ಮೃದು ಮಾತಿನವರು. ಅವರು ಎದ್ದು ಮೊದಲು ಹೇಳಿದ್ದೇ ಕಾಕಾನ ಹೆಸರು. ನಿಲ್ಲಲು ಒಪ್ಪಿಗೆಯೇ ಎಂದು ಕೇಳಿದರು. ಕಾಕಾ ನನ್ನ ಪಕ್ಕದಲ್ಲೇ ಕೂತಿದ್ದರು. ಎದ್ದು ಕೈಮುಗಿದರು.

“ನನಗ್ಯಾಕ್ರಿ ಅದು? ನಾ ರೊಟ್ಟಿ ಕಟಗೊಂಡ ತಿರಗಾಂವ. ಶಾಣ್ಯಾರು ಭಾಳ ಮಂದಿ ಅದಾರ, ಅವರಿಗೆ ಕೊಡ್ರಿ.”

ಇಷ್ಟು ಹೇಳಿ ಕೂತರು. ಸಭೆಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಇದು ಮೊದಲನೆಯ ಸಲ. ಎಲ್ಲರೂ ಎರಡನೆಯದಕ್ಕೆ ಕಾದರು. ಕಾಕಾ ಕೂಡ ಕಾದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಕೇಳಲು ಆ ಕುರ್ಚಿ ಅವರಿಗೆ ಬೇಕಿತ್ತು. ಹಿಂದಿನ ದಿನ ಬದುವಿನ ಮೇಲೆ ನಿಂತು ನನಗೊಬ್ಬನಿಗೇ ಅದನ್ನು ಹೇಳಿದ್ದರು: “ಒಮ್ಮೆ ಒಳಗ ಹೊಕ್ಕರ ಸಾಕ ತಮ್ಮಾ, ನೀರ ತಂದ ತೀರತೀನಿ.”

ವೀಕ್ಷಕರಿಗೆ ನಮ್ಮ ಪದ್ಧತಿ ಏನು ಗೊತ್ತು? “ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ” ಎಂದರು ಪಾಪ, ನಿಜವಾಗಿಯೂ ಗೌರವದಿಂದ. ನನ್ನ ಕಡೆ ತಿರುಗಿ, “ಬರೆದುಕೊಳ್ಳಿ” ಎಂದರು.

ರಟ್ಟೆ ಹಿಡಿದು ಎಬ್ಬಿಸಬೇಕಾದವನು ಪಕ್ಕದಲ್ಲಿದ್ದ ನಾನು. ಸಭೆಯ ಕಣ್ಣೆಲ್ಲ ನನ್ನ ಮೇಲಿತ್ತು. ‘ಹಂಗಲ್ಲರಿ, ಅವರು ಒಲ್ಲೆ ಅಂದದ್ದು ಖರೆ ಅಲ್ಲ’ ಎಂದು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಆಡಲಿಲ್ಲ. ಮರೆತೆನೆಂದೋ ಗಲಿಬಿಲಿಯಾಯಿತೆಂದೋ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಎಲ್ಲ ಸುಳ್ಳು. ಕಾಕಾ ಇಲ್ಲವೆಂದ ಮೇಲೆ ಮುಂದಿನ ಹೆಸರು ನನ್ನದೇ ಎಂದು ಎಣಿಸಿದ್ದೆ. ನಾನು ಒಲ್ಲೆ ಅನ್ನಬೇಕಾದ ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಹಾಗೆ ಜೋಡಿಸುತ್ತಲೇ ಪುಸ್ತಕದಲ್ಲಿ ದುಂಡಗೆ ಬರೆದೆ: ‘ಸದರಿಯವರು ನಿರಾಕರಿಸಿದರು.’

ಹಿಂದಿನ ಸಾಲಿನಿಂದ ಒಬ್ಬ ಎದ್ದ. ಬೊಗಸೆಯ ಅಂಗಡಿಯ ಅದೇ ದಲಾಲ. ಪಕ್ಷ ಗೆಲ್ಲುತ್ತದೆ ಎಂಬ ಖಬರು ಹಬ್ಬಿದ ಮೇಲೆ ನಮ್ಮ ಸದಸ್ಯನಾಗಿದ್ದ. “ನಾ ತಯಾರ ಅದೀನ್ರಿ” ಅಂದ. ನಮ್ಮ ಸೀಮೆಯಲ್ಲಿ ಯಾರೂ ಹೀಗೆ ತಾವೇ ಎದ್ದು ಹೇಳಿದ್ದನ್ನು ನಾನು ಕಂಡಿರಲಿಲ್ಲ. ವೀಕ್ಷಕರಿಗೆ ಅವನ ಉತ್ಸಾಹ ಹಿಡಿಸಿತು. ಅತಿಥಿಯ ಮಾತಿಗೆ ಎದುರಾಡುವುದು ನಮ್ಮ ಜನಕ್ಕೆ ಬರುವುದಿಲ್ಲ. ಸಭೆ ಮುಗಿಯಿತು. ನನ್ನ ಹೆಸರನ್ನು ಯಾರೂ ಎತ್ತಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. “ನೀ ಒಂದ ಮಾತ ಆಡ್ತಿ ಅಂತ ಮಾಡಿದ್ನಿ” ಅಂದರು.

“ನೀವ ಬ್ಯಾಡ ಅಂದ್ರೆಲ್ರಿ ಕಾಕಾ.”

ಅವರು ತಿರುಗಿ ನನ್ನ ಮುಖ ನೋಡಿದರು. “ಹೌದು, ಅಂದ್ನಿ” ಅಂದರು. ಮತ್ತೆ ಕಿಟಕಿಯ ಕಡೆ ತಿರುಗಿದರು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಕಾ ಪ್ರಚಾರಕ್ಕೆ ಬಂದರು. ಬಾರದಿರಲಿ ಎಂದು ನಾನು ಆಸೆಪಟ್ಟಿದ್ದೆ. ರೊಟ್ಟಿ ಗಂಟು ಹಿಡಿದು, ಅದೇ ದಲಾಲನಿಗಾಗಿ ಮನೆಮನೆಗೆ ಹೋದರು. ಜನ ಅವರ ಮುಖ ನೋಡಿ ಓಟು ಹಾಕಿದರು. ದಲಾಲ ಗೆದ್ದ. ಪಕ್ಷ ಬೆಳೆಯಿತು, ನಾವು ಕನಸಿನಲ್ಲೂ ಎಣಿಸದಷ್ಟು ಬೆಳೆಯಿತು. ಗದಗಿನಲ್ಲಿ ಈಗ ಎರಡಂತಸ್ತಿನ ಕಚೇರಿ ಇದೆ, ಬಾಗಿಲಲ್ಲಿ ಎಡೆಕುಂಟೆಯ ದೊಡ್ಡ ಚಿತ್ರ ಇದೆ. ಕಾಲುವೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿದೆ. ಅಂಗಡಿಯಲ್ಲಿ ಬೊಗಸೆ ಮತ್ತೆ ಶುರುವಾಗಿದೆ, ಮತ್ತು ಈ ಸಲ ಚೀಲದ ಮೇಲೆ ಕೂಡುವವರು ಯಾರೂ ಇಲ್ಲ. ಯಾರ ವಿರುದ್ಧ ಕೂಡುವುದು? ಅಂಗಡಿಯೂ ನಮ್ಮದೇ, ಬಾಗಿಲ ಮೇಲಿನ ಬಾವುಟವೂ ನಮ್ಮದೇ.

ಗೆದ್ದ ಮೇಲಿನ ಮೊದಲ ಸಭೆಗೆ ಪೊಟ್ಟಣದಲ್ಲಿ ಪಲಾವು ಬಂತು. ಎಲ್ಲರೂ ಪೊಟ್ಟಣ ಬಿಚ್ಚಿದರು, ನಾನೂ ಬಿಚ್ಚಿದೆ. ಕಾಕಾ ತಮ್ಮ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದರು. ತಾವೊಬ್ಬರೇ ಬಿಚ್ಚಿ ತಿನ್ನಲಾರದೆ ಹಾಗೆಯೇ ಮನೆಗೆ ಒಯ್ದರು. ಆಮೇಲೆ ಅವರು ಯಾವ ಸಭೆಗೂ ಬರಲಿಲ್ಲ.

ಕಳೆದ ಎಳ್ಳಮಾವಾಸ್ಯೆಗೆ ನಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬದುವಿನ ಆಚೆ ಹೋಗಿ ಕಾಕಾನನ್ನು ಊಟಕ್ಕೆ ಕರೆದೆ. ಬರಲಾರರು ಎಂದುಕೊಂಡಿದ್ದೆ. ಕರೆದ ಕೂಡಲೇ ಎದ್ದು ಬಂದರು. ಬನ್ನಿಯ ಗಿಡದ ಕೆಳಗೆ ಹತ್ತು ಹನ್ನೆರಡು ಮಂದಿ ಕೂತೆವು. ನನ್ನ ಹೆಂಡತಿ ಸಜ್ಜಿ ರೊಟ್ಟಿಯ ಬುಟ್ಟಿ ಹಿಡಿದು ಬಂದಳು.

“ಇನ್ನೊಂದ ರೊಟ್ಟಿ ಹಾಕ್ಲೇನ್ರಿ ಕಾಕಾ?”

ಎರಡನೆಯ ಸಲ ಕೇಳಲು ಅವಳು ಬಾಯಿ ತೆರೆದೇ ಇದ್ದಳು. ಅಷ್ಟರಲ್ಲಿ ಕಾಕಾ ತಾಟು ಎತ್ತಿ ಮುಂದೆ ಹಿಡಿದರು.

“ಹಾಕವಾ ತಂಗಿ. ಬ್ಯಾಡ ಅಂದ್ರ ಬರಕೊಂಡ ಬಿಡ್ತಾರ.”

ಕೂತವರೆಲ್ಲ ನಕ್ಕರು. ನನ್ನ ಹೆಂಡತಿಗೆ ಏನೂ ಅರ್ಥವಾಗದೆ ಅವಳೂ ನಕ್ಕಳು. ನಾನು ತಲೆ ತಗ್ಗಿಸಿ ಕೂತಿದ್ದೆ, ಹಾಗಾಗಿ ಅವರ ತಾಟು ಕಾಣುತ್ತಿತ್ತು. ಅದರಲ್ಲಿ ಮೊದಲು ಹಾಕಿದ ರೊಟ್ಟಿ ಮುರಿಯದೆ ಹಾಗೆಯೇ ಇತ್ತು.