ಎದೆಯೊಳಗಿರುವುದು ಯಾವ ಕಂಪನಿಯದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಆಪರೇಷನ್‌ಗೆ ಮುಂಚೆ ರೋಗಿಗಳನ್ನು ತಯಾರು ಮಾಡುವ ಕೋಣೆಯಲ್ಲಿ, ಪರದೆ ಎಳೆದ ಮಂಚದ ಪಕ್ಕ ನಿಂತು ಒಬ್ಬಾಕೆ ಅಂಗೈ ಉಜ್ಜಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಾಗಿ ರೋಗಿ ಬೆಚ್ಚದಿರಲಿ ಎಂದು ಹೀಗೆ ಮಾಡುತ್ತಾರೆ ಅಂದುಕೊಂಡೆ, ಇವರ ಕೆಲಸದ ಬಗ್ಗೆ ಬರೆಯಲು ಬಂದಿದ್ದ ನಾನು. "ಎಲ್ರೂ ಹಾಗೇ ಅನ್ಕೊಂಡಿದಾರೆ. ನಡುಗೋದು ಕಾಣಬಾರದು ಅಂತ ಉಜ್ಜೋದು," ಎಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಇವರು 'ಅನುಮಾನದಕ್ಕ'. ತೂಕ ಇಳಿಸುವ ಆಪರೇಷನ್‌ಗೆ ಬಂದವರ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಅದು ಯಾವ ಕಂಪನಿಯದು ಎಂದು ಖಚಿತ ಮಾಡಿಕೊಳ್ಳುವುದು ಇವರ ಕೆಲಸ. ಇಷ್ಟೇನಾ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಅವರು ವಿವರಿಸುವವರೆಗೆ.

ಹೊಟ್ಟೆಯ ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಸಲಕರಣೆ ಬಳಸುತ್ತಾರೆ. ಆ ಕರೆಂಟನ್ನೇ ಎದೆಬಡಿತ ಎಂದು ತಿಳಿದು, ಹೃದಯ ತಾನಾಗಿ ಬಡಿಯುತ್ತಿದೆಯಲ್ಲ ಎಂದುಕೊಂಡು ಪೇಸ್‌ಮೇಕರ್ ಸುಮ್ಮನಾಗಿಬಿಡಬಹುದು. ಹಾಗಾಗದಂತೆ ಹೊರಗಿನಿಂದ ಒಂದು ಯಂತ್ರ ಹಿಡಿದು ಅದನ್ನು ಮೊದಲೇ ಹೊಂದಿಸಬೇಕು. ಒಂದು ಕಂಪನಿಯ ಯಂತ್ರ ಹೇಳಿದ್ದನ್ನು ಇನ್ನೊಂದು ಕಂಪನಿಯ ಪೇಸ್‌ಮೇಕರ್ ಕೇಳುವುದಿಲ್ಲ. ಮೇಲೊಂದು ಅಯಸ್ಕಾಂತ ಇಟ್ಟು ಸುಧಾರಿಸೋಣ ಎನ್ನುವವರೂ ಇದ್ದಾರೆ, ಆದರೆ ಎಲ್ಲ ಕಂಪನಿಯವೂ ಅಯಸ್ಕಾಂತಕ್ಕೆ ಒಂದೇ ರೀತಿ ಬಗ್ಗುವುದಿಲ್ಲ.

ಅನುಮಾನದಕ್ಕ ಮೊದಲು ಇಸಿಜಿ ತೆಗೆಯುತ್ತಿದ್ದವರು. ಒಮ್ಮೆ ಇಂಥದೇ ಆಪರೇಷನ್‌ನಲ್ಲಿ ಪರದೆಯ ಮೇಲಿನ ಎದೆಬಡಿತದ ಗೆರೆ ನೆಟ್ಟಗೆ ಮಲಗಿದ್ದನ್ನು ಬಾಗಿಲ ಬಳಿ ನಿಂತು ಕಂಡಿದ್ದರು. ಪಕ್ಕದಲ್ಲಿದ್ದದ್ದು ಬೇರೆ ಕಂಪನಿಯ ಯಂತ್ರ. ಹೇಗೋ ಆ ಮನುಷ್ಯ ಉಳಿದುಕೊಂಡ, ಉಳಿದವರೆಲ್ಲ ಮರೆತೂಬಿಟ್ಟರು. ಇವರ ಹೊಟ್ಟೆಯೊಳಗಿನ ಭಯ ಮಾತ್ರ ಅವತ್ತು ಕೂತದ್ದು ಎದ್ದೇ ಇಲ್ಲ. ಮನೆಯಲ್ಲಿ ಗಂಡ ಮಕ್ಕಳು ತಮಾಷೆ ಮಾಡುತ್ತಾರಂತೆ, ಗ್ಯಾಸ್ ಆರಿಸಿದ ಮೇಲೂ ಒಲೆಯ ಮುಂದೆ ನಿಂತೇ ಇರುತ್ತಾಳೆ ಎಂದು.

ಇಂದು ಮಂಚದ ಮೇಲಿರುವವರು ಒಬ್ಬ ದರ್ಜಿ ಹೆಂಗಸು. ಮೈಭಾರಕ್ಕೆ ಮಂಡಿ ಸೋತು ಹೊಲಿಗೆ ಯಂತ್ರ ತುಳಿಯಲಾಗುತ್ತಿಲ್ಲ, ಸ್ವಂತ ಮನೆಯ ಮೆಟ್ಟಿಲು ಹತ್ತಲಾಗುತ್ತಿಲ್ಲ. ಈ ಆಪರೇಷನ್ ಮೇಲೆಯೇ ಜೀವ ಇಟ್ಟುಕೊಂಡಿದ್ದಾರೆ. ಪೇಸ್‌ಮೇಕರ್‌ನ ಕಾರ್ಡು ತಂದಿದ್ದಾರೆ, ಕಂಪನಿಯ ಹೆಸರನ್ನು ಕೇಳುವ ಮೊದಲೇ ಹೇಳುತ್ತಾರೆ. ಆ ಕಂಪನಿಯ ಯಂತ್ರ ಬಂದು ಕೂತಿದೆ. ಅರಿವಳಿಕೆಯ ಡಾಕ್ಟರು ಗಡಿಯಾರ ನೋಡುತ್ತಿದ್ದಾರೆ.

ಅನುಮಾನದಕ್ಕ ಕಂಪನಿಯ ವಿಷಯ ಎತ್ತುವುದೇ ಇಲ್ಲ. ಪೇಸ್‌ಮೇಕರ್ ಇಟ್ಟ ದಿನ ಏನು ಮಾಡುತ್ತಿದ್ದಿರಿ, ಜೊತೆಗೆ ಯಾರಿದ್ದರು, ಎಚ್ಚರವಾದಾಗ ಕಿಟಕಿ ಯಾವ ಕಡೆಗಿತ್ತು ಎಂದೆಲ್ಲ ಕಾಡುಹರಟೆಯ ಹಾಗೆ ಕೇಳುತ್ತಾರೆ. ದರ್ಜಿಯ ಉತ್ತರ ಎರಡು ಬಗೆಯಾಗುತ್ತದೆ. ಜೊತೆಗಿದ್ದವರು ಒಮ್ಮೆ ಗಂಡ, ಇನ್ನೊಮ್ಮೆ ತಂಗಿ. ಅನುಮಾನದಕ್ಕ ಕಾಲರ್ ಮೂಳೆಯ ಕೆಳಗಿನ ಗಾಯದ ಗುರುತನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಹಳೆಯ ಬಿಳಿ ಗೆರೆಯ ಪಕ್ಕದಲ್ಲೇ ಕೆಂಪು ಮಾಸದ ಇನ್ನೊಂದು ಗೆರೆ.

"ಅಕ್ಕಾ, ಬಿಚ್ಚಿ ಮತ್ತೆ ಹೊಲಿದ ಬಟ್ಟೆ ಕೈಗೆ ಸಿಕ್ರೆ ನಿಮಗೆ ಗೊತ್ತಾಗಲ್ವಾ?"

ದರ್ಜಿ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಪರದೆಯಾಚೆ, ಬೆಂಚಿನ ಮೇಲೆ, ಬಸ್ ಓಡಿಸುವ ಗಂಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಅವರಿಗೆ ಗೊತ್ತಿಲ್ಲ. ತಂಗಿ ಮನೇಲಿದ್ದಾಗ ತಲೆ ಸುತ್ತಿ ಬಿದ್ದೆ, ಅಲ್ಲೇ ಬೇರೇದು ಹಾಕಿದ್ರು. ನಾನು ತಂದಿರೋದು ಹಳೇ ಕಾರ್ಡು. ಎರಡನೇ ಸಲ ಎದೆ ಕುಯ್ದಿದಾರೆ ಅಂತ ಗೊತ್ತಾದ್ರೆ ಅವರೂ ನೀವೂ ಈ ಆಪರೇಷನ್ ಬೇಡ ಅಂತೀರ. ನಾನು ಹೀಗೇ ಕೂತಲ್ಲೇ ಕೊಳೀಬೇಕು," ಎಂದು ಪಿಸುಗುಟ್ಟುತ್ತಾರೆ.

ಅನುಮಾನದಕ್ಕ ಬೈಯುವುದಿಲ್ಲ. ಆಪರೇಷನ್ ನಿಲ್ಲುವುದಿಲ್ಲ, ತಡವಾಗುತ್ತದೆ ಅಷ್ಟೇ ಎಂದು ಸಮಾಧಾನ ಮಾಡಿ, ಗಂಡನಿಗೆ ನೀವೇ ಹೇಳಿ ಎಂದು ಪರದೆ ಸರಿಸುತ್ತಾರೆ. ಕೇಳಿದ ಗಂಡ ರೇಗುವುದಿಲ್ಲ. ಭುಜ ಉಳುಕಿದೆ ಅಂದಿದ್ದೆಯಲ್ಲೇ ಎಂದಷ್ಟೇ ಹೇಳಿ ಚೀಲದ ಹಿಡಿಯನ್ನು ತಿರುಚುತ್ತಾ ಕೂರುತ್ತಾರೆ.

ತಂಗಿಗೆ ಫೋನು ಹೋಗುತ್ತದೆ, ಅಲ್ಲಿಂದ ಆ ಆಸ್ಪತ್ರೆಗೆ. ಹೊಸದು ಬೇರೆಯೇ ಕಂಪನಿಯದು. ಅದರ ಯಂತ್ರ ಊರಿನ ಆಚೆ ಕೊನೆಯಿಂದ ಬರಬೇಕು. ದಿನದ ಮೊದಲ ಆಪರೇಷನ್ ಮಧ್ಯಾಹ್ನಕ್ಕೆ ಬೀಳುತ್ತದೆ. ಸರ್ಜನ್ ಮುಖ ಕಿವಿಚಿಕೊಂಡರೂ ಕಾಯುತ್ತಾರೆ.

ಯಂತ್ರ ಬಂದ ಮೇಲೆ ಹೃದಯದ ಡಾಕ್ಟರೊಬ್ಬರು ಪೇಸ್‌ಮೇಕರ್‌ನ ವೇಗವನ್ನು ಮೆಲ್ಲಗೆ ಇಳಿಸಿ ನೋಡುತ್ತಾರೆ, ಹೃದಯಕ್ಕೆ ಸ್ವಂತ ಬಡಿತ ಎಷ್ಟಿದೆ ಎಂದು ತಿಳಿಯಲು. ಪರದೆಯ ಮೇಲೆ ಬಡಿತ ದೂರ ದೂರವಾಗುತ್ತದೆ. ಮುಂದಿನದು ಬರುವುದೇ ಇಲ್ಲ. "ಕಣ್ಣು ಕತ್ತಲೆ..." ಎನ್ನುತ್ತಾರೆ ದರ್ಜಿ. ಡಾಕ್ಟರು ತಟ್ಟನೆ ವೇಗ ಏರಿಸುತ್ತಾರೆ. ಗೆರೆ ಮತ್ತೆ ಎದ್ದು ಓಡುತ್ತದೆ. ಹೃದಯಕ್ಕೆ ಸ್ವಂತ ಬಡಿತವೇ ಇಲ್ಲ; ಬೆಳಿಗ್ಗೆಯೇ ಮುಂದುವರಿದಿದ್ದರೆ ಆ ಗೆರೆ ಮಲಗಿಬಿಡುತ್ತಿತ್ತು.

ಸಂಜೆ, ಆಪರೇಷನ್ ಮುಗಿದು ದರ್ಜಿಗೆ ಎಚ್ಚರವಾಗಿದೆ. ಗಂಡ ಬಂದು ಅನುಮಾನದಕ್ಕನಿಗೆ ಕೈಮುಗಿಯುತ್ತಾರೆ, ಅರಿವಳಿಕೆಯ ಡಾಕ್ಟರೂ ಭೇಷ್ ಅನ್ನುತ್ತಾರೆ. ಅನುಮಾನದಕ್ಕ ಅಲ್ಲಿ ನಿಲ್ಲುವುದಿಲ್ಲ. ಹುಡುಕಿಕೊಂಡು ಹೋದರೆ ಮೆಟ್ಟಿಲ ಮೇಲೆ ಮಂಡಿಗೆ ಹಣೆ ಊರಿ ಕೂತಿದ್ದಾರೆ. ಬೆಳಗಿನಿಂದ ತಡೆದಿದ್ದ ನಡುಕ ಈಗ ಮೈಯೆಲ್ಲ ಆಡುತ್ತಿದೆ.

ಎಷ್ಟು ದೊಡ್ಡ ಕೆಲಸ ಮಾಡಿದಿರಿ ಎಂದು ನಾನು ಏನೋ ಹೇಳಹೊರಡುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಹೊಗಳಿಸ್ಕೊಂಡ ದಿನ ನಂಗೆ ಊಟ ಸೇರಲ್ಲ. ಅನುಮಾನ ಸುಳ್ಳಾದ್ರೆ ಎಲ್ರೂ ಬೈತಾರೆ, ಸುಮ್ನೆ ಹೊತ್ತು ಕಳೆದೆ ಅಂತ. ಅವತ್ತು ಯಾರ ಜೀವಕ್ಕೂ ಏನೂ ಆಗ್ತಿರಲಿಲ್ಲ ಅಂತ ಅರ್ಥ. ನಾಳೆ ಬೈಸ್ಕೊಂಡು ಮನೆಗೆ ಹೋಗೋ ಹಾಗಾಗ್ಲಿ, ಅಷ್ಟು ಸಾಕು."