ಲಿಫ್ಟ್ ನಿಂತಾಗ ಮೆಟ್ಟಿಲು ಹತ್ತುತ್ತಿದ್ದವನು

ನನ್ನ ಗೆಳೆಯ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಇಪ್ಪತ್ತಾರು ವರ್ಷ ಅದೊಂದೇ ಕೆಲಸ. ಲಿಫ್ಟ್ ನಿಂತಾಗಲೇ ಅವನಿಗೆ ಕರೆ ಬರುತ್ತಿದ್ದುದರಿಂದ ಅವನ ಪಾಲಿಗೆ ಬರುತ್ತಿದ್ದುದು ಮೆಟ್ಟಿಲು ಮಾತ್ರ. ಮೋಟಾರು ಇರುವುದು ಎಲ್ಲಕ್ಕಿಂತ ಮೇಲೆ, ತಾರಸಿಯ ಪುಟ್ಟ ಕೋಣೆಯಲ್ಲಿ. ಎಂಟು ಮಹಡಿಯಾಗಲಿ ಹನ್ನೆರಡಾಗಲಿ, ಸಲಕರಣೆಯ ಚೀಲ ಹೆಗಲಿಗೇರಿಸಿಕೊಂಡು ಹತ್ತಬೇಕು. ಅವನು ಅವಸರಪಟ್ಟಿದ್ದನ್ನು ನಾನೆಂದೂ ನೋಡಿಲ್ಲ. ಶಾಲೆಯಲ್ಲಿ ನಾವು ಅವನಿಗೆ ಇಟ್ಟ ಹೆಸರು ಸಾವಧಾನಿ. ಮುದುಕರಾಗುತ್ತ ಬಂದರೂ ನಾನು ಹಾಗೇ ಕರೆಯುತ್ತಿದ್ದೆ.

"ಜನ ನನ್ನ ಮುಖ ನೋಡೋದು ಅವರ ಮುಖ ಗಂಟಾದಾಗ ಮಾತ್ರ ಕಣೋ" ಎನ್ನುತ್ತಿದ್ದ. "ಲಿಫ್ಟ್ ಸರಿಯಾಯ್ತಾ, ಎಲ್ಲರೂ ಅದರೊಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ನಾನು ಹೊರಗೆ."

ಮದುವೆಯಾಗಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಎರಡು ಕುರ್ಚಿ ಇದ್ದವು; ಎರಡನೆಯದರಲ್ಲಿ ಭಾನುವಾರ ಸಂಜೆ ನಾನು ಕೂರುತ್ತಿದ್ದೆ, ಉಳಿದ ಆರು ದಿನ ಅದರ ಮೇಲೆ ಒಗೆದ ಬಟ್ಟೆ ಇರುತ್ತಿತ್ತು. ನಾನು ಹೋದಾಗ ಬಟ್ಟೆಯನ್ನು ಎತ್ತಿ ಮಂಚದ ಮೇಲಿಟ್ಟು, "ಕೂತ್ಕೋ" ಎನ್ನುತ್ತಿದ್ದ. ಆಮೇಲೆ ಗಂಟೆಗಟ್ಟಲೆ ಇಬ್ಬರೂ ಹೆಚ್ಚು ಮಾತಾಡದೆ ಕೂರುತ್ತಿದ್ದೆವು. ಅಂಥ ಮೌನಕ್ಕೆ ಈಗ ನನಗೆ ಯಾರೂ ಇಲ್ಲ.

ಅವನಿಗೆ ಹೊಲಿಗೆ ಅಂಗಡಿ ಇಟ್ಟಿರುವ ತಂಗಿಯೊಬ್ಬಳು ಬೇರೆ ಊರಿನಲ್ಲಿದ್ದಾಳೆ. ಅವನಿಗೆ ಐವತ್ತು ತುಂಬಿದಾಗ ಕೈಗೆ ಕಟ್ಟುವ ಒಂದು ಬ್ಯಾಂಡ್ ಕಳಿಸಿದಳು. ನಡೆದದ್ದು, ಮಲಗಿದ್ದು, ಎದೆಬಡಿತ ಎಲ್ಲವನ್ನೂ ಲೆಕ್ಕ ಹಾಕುವಂಥದ್ದು. ಅದರ ಅಂಕಿಗಳು ಅವಳ ಫೋನಿಗೂ ಹೋಗುತ್ತಿದ್ದವು. ತಿಂಗಳೊಪ್ಪತ್ತಿನಲ್ಲಿ ಅವಳು ನನಗೆ ಫೋನ್ ಮಾಡಿದಳು.

"ಅಣ್ಣನ ಎದೆಬಡಿತ ನಲವತ್ತೊಂದು ತೋರಿಸ್ತಾ ಇದೆ. ನಿನ್ನೆ ಮೂವತ್ತೊಂಬತ್ತು. ನನಗೆ ಹೊಲಿಯೋಕೆ ಕೂತ್ರೆ ಸೂಜಿ ನಿಲ್ತಿಲ್ಲ."

ಓದುವ ಚಟ ನನ್ನದು. ಆ ವಾರವೆಲ್ಲ ಓದಿದೆ. ಓಟಗಾರರಿಗೆ, ಮೈಮುರಿದು ದುಡಿಯುವವರಿಗೆ ಸುಮ್ಮನೆ ಕೂತಾಗ ಬಡಿತ ಕಡಿಮೆಯಿರಬಹುದು, ಗಟ್ಟಿ ಹೃದಯ ಕಡಿಮೆ ಬಡಿತದಲ್ಲೇ ಕೆಲಸ ಮುಗಿಸುತ್ತದೆ ಎಂದಿತ್ತು. ಅದು ಸುಳ್ಳಲ್ಲ. ತಲೆಸುತ್ತು, ಸುಸ್ತು ಇದ್ದರೆ ತಡಮಾಡದೆ ತೋರಿಸಬೇಕು ಎಂದು ಅದರ ಕೆಳಗೇ ಇತ್ತು. ಅದನ್ನೂ ಓದಿದ್ದೆ.

"ದಿನಾ ಹತ್ತು ಮಹಡಿ ಹತ್ತೋನು ಕಣಮ್ಮ. ಓಟಗಾರನ ಹೃದಯ ಅದು" ಎಂದು ಅವಳಿಗೆ ಫೋನ್ ಮಾಡಿ ಹೇಳಿದೆ.

"ಆದ್ರೂ ಶನಿವಾರಕ್ಕೆ ಡಾಕ್ಟರ್ ಹತ್ರ ಹೆಸರು ಬರೆಸಿದ್ದೀನಿ. ನೀವು ಕರ್ಕೊಂಡು ಹೋಗಿ. ನಾನು ಹೇಳಿದ್ರೆ ಕೇಳಲ್ಲ, ನಿಮ್ಮ ಮಾತು ಕೇಳ್ತಾನೆ."

ಶುಕ್ರವಾರ ಅವನೇ ಕೇಳಿದ: "ಏನೋ, ಹೋಗ್ಲಾ?"

"ಸುಸ್ತೇನಾದ್ರೂ ಇದೆಯಾ?"

"ಐವತ್ತಾಯ್ತಲ್ಲ, ಇರದೇ ಇರುತ್ತಾ."

"ಹಂಗಾದ್ರೆ ನನಗೂ ಇದೆ. ನಿನ್ನ ಹೆಸರಿಗೆ ತಕ್ಕ ಹೃದಯ ಬಿಡು. ಅದಕ್ಕೂ ಅವಸರ ಇಲ್ಲ."

ನಕ್ಕ. ಶನಿವಾರ ಕೆಲಸಕ್ಕೆ ಹೋದ. ಬೇಡ ಅಂದದ್ದು ನಾನು ಎಂದು ತಂಗಿಗೆ ತಿಳಿಸಬೇಡ ಅಂತೇನೂ ನಾನು ಹೇಳಿರಲಿಲ್ಲ. ಅವನಾಗಿಯೇ ಹೇಳಲಿಲ್ಲ. ಕೆಲಸ ಇತ್ತು ಎಂದನಂತೆ.

ಮೂರು ವಾರದ ಮೇಲೆ, ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂಬತ್ತು ಮಹಡಿಯ ಕಟ್ಟಡವೊಂದರ ಐದನೇ ಮಹಡಿ ದಾಟಿ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಇನ್ನೂ ಯಾಕೆ ಲಿಫ್ಟ್ ಬರಲಿಲ್ಲ ಎಂದು ಕೇಳಲು ಮೇಲಿನಿಂದ ಇಳಿದುಬಂದವರು ನೋಡಿದರಂತೆ.

ಆಸ್ಪತ್ರೆಯ ಡಾಕ್ಟರಿಗೆ ನಾನು ಬ್ಯಾಂಡಿನ ವಿಷಯ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ಕೂತಾಗ ಕಡಿಮೆ, ಸರಿ. ಗಟ್ಟಿ ಹೃದಯವಾದ್ರೆ ಮೆಟ್ಟಿಲು ಹತ್ತುವಾಗ ಏರ್ಬೇಕು. ಏರ್ತಾ ಇತ್ತಾ? ಅದನ್ನ ಯಾರಾದ್ರೂ ನೋಡಿದ್ರಾ?"

ನೋಡಲು ಸಾಧ್ಯವೇ ಇರಲಿಲ್ಲ. ಲಿಫ್ಟಿನ ಕೆಲಸದವರು ಕೈಗೆ ಏನನ್ನೂ ಕಟ್ಟಿಕೊಳ್ಳುವುದಿಲ್ಲ. ತಿರುಗುವ ಚಕ್ರಕ್ಕೆ ಗಡಿಯಾರ ಸಿಕ್ಕಿದರೆ ಕೈಯೇ ಹೋಗುತ್ತದೆ. ಉಂಗುರ, ದಾರ, ಗಡಿಯಾರ ಎಲ್ಲವನ್ನೂ ಕೆಳಗೇ ಬಿಚ್ಚಿಡುವುದನ್ನು ಮೊದಲ ದಿನವೇ ಕಲಿಸುತ್ತಾರೆ. ಇವನೂ ಬ್ಯಾಂಡನ್ನು ಬಿಚ್ಚಿ ಕಾವಲುಗಾರನ ಮೇಜಿನ ಮೇಲಿಟ್ಟು ಹತ್ತುತ್ತಿದ್ದ. ಆ ಬ್ಯಾಂಡ್ ಅವನನ್ನು ಒಂದು ಮೆಟ್ಟಿಲ ಮೇಲೂ ನೋಡಿರಲಿಲ್ಲ. ಅದು ಕಂಡಿದ್ದೆಲ್ಲ ಕುರ್ಚಿ, ಊಟ, ನಿದ್ದೆ. ಈ ಪದ್ಧತಿ ನನಗೆ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು.

ಬ್ಯಾಂಡ್ ತರಲು ಆ ಕಟ್ಟಡಕ್ಕೆ ಹೋದಾಗ ಕಾವಲುಗಾರ ಹೇಳಿದ: "ಎರಡು ತಿಂಗಳಿಂದ ಬಂದಾಗಲೆಲ್ಲ ಮೂರನೇ ಮಹಡೀಲಿ ಕೂತು ಕೂತು ಹೋಗ್ತಿದ್ರು ಸಾರ್. ಯಾಕಣ್ಣ ಅಂದ್ರೆ, ಮೆಟ್ಟಿಲಿಗೆ ಬೇಜಾರಾಗುತ್ತಲ್ಲಪ್ಪ, ಮಾತಾಡಿಸ್ತಾ ಇದ್ದೆ ಅನ್ನೋರು."

ನನ್ನೆದುರು ಅವನು ಯಾವಾಗಲೂ ಕೂತೇ ಇರುತ್ತಿದ್ದ.

ಕೋಣೆ ಖಾಲಿ ಮಾಡಲು ತಂಗಿ ಬಂದಳು. ಬಟ್ಟೆ ಮಡಿಸುತ್ತಿದ್ದವಳಿಗೆ, ಶುಕ್ರವಾರ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಅಂಗಿಯ ತೋಳನ್ನು ಎರಡು ಸಲ ಬಿಚ್ಚಿ ಮಡಿಸಿದಳು.

"ನೀವು ಅವತ್ತು ಓಟಗಾರನ ಹೃದಯ ಅಂದಿದ್ದು ಕೇಳಿ ನನಗೂ ಹಾಯೆನಿಸಿತ್ತು" ಎಂದಳು. "ಆ ಮೂರು ವಾರ ಚೆನ್ನಾಗಿ ನಿದ್ದೆ ಮಾಡಿದೆ."

ಕ್ಷಮಿಸಿದಳೋ ಬೈದಳೋ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಕೊನೆಯ ಬಟ್ಟೆಯನ್ನು ಚೀಲಕ್ಕಿಡುತ್ತ ಕೇಳಿದಳು: "ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದ?"

"ಅರ್ಧ ಗಂಟೆ ಇರಬಹುದು ಅಂದ್ರು."

"ಒಬ್ಬನೇನಾ?"

"ಒಬ್ಬನೇ" ಎಂದೆ.